ಹೆಸರು ಮರೆತ ಯಂತ್ರ

ಇಪ್ಪತ್ತು ಮೂವತ್ತು ವರ್ಷಗಳ ಕಾಲ ಉಗ್ರಾಣದ ಮೂಲೆಯಲ್ಲಿ ಧೂಳು ಹೊದ್ದು ಬಿದ್ದಿದ್ದ ಸ್ಪಾರ್ಕ್‌ಸ್ಟೇಷನ್ ಎಂಬ ಗಣಕಯಂತ್ರಕ್ಕೆ ಮತ್ತೆ ವಿದ್ಯುತ್ತನ್ನು ಹಾಯಿಸಿದವರು, ಅದರ ಉಸಿರು ನಿಂತಿಲ್ಲವೆಂಬ ಸಂತೋಷವನ್ನು ಪೂರ್ತಿಯಾಗಿ ಅನುಭವಿಸುವ ಮೊದಲೇ ಒಂದು ವಿಲಕ್ಷಣವಾದ ದೃಶ್ಯವನ್ನು ಕಾಣಬೇಕಾಗುತ್ತದೆ. ಬೀಸಣಿಗೆ ತಿರುಗುತ್ತದೆ, ಬಿಳಿಯ ತೆರೆಯ ಮೇಲೆ ಕರಿಯ ಅಕ್ಷರಗಳು ಮೂಡುತ್ತವೆ, ತನ್ನೊಳಗೆ ಇಷ್ಟು ಮೆಗಾಬೈಟಿನ ಸ್ಮೃತಿಯಿದೆಯೆಂದು ಯಂತ್ರವು ತಪ್ಪಿಲ್ಲದೆ ಒಪ್ಪಿಸುತ್ತದೆ. ಆದರೆ ನೀನು ಯಾರೆಂಬ ಪ್ರಶ್ನೆಗೆ ಮಾತ್ರ ಅದರಲ್ಲಿ ಉತ್ತರವಿಲ್ಲ. ಗುರುತಿನ ವಿವರಗಳು ಅಸಿಂಧುವಾಗಿವೆಯೆಂಬ ಒಂದು ಸಾಲನ್ನೂ, ಈಥರ್‌ನೆಟ್ ವಿಳಾಸವಿರಬೇಕಾದ ಸ್ಥಾನದಲ್ಲಿ ಆರು ಸಲ ‘ಎಫ್‌ಎಫ್’ ಎಂಬುದನ್ನೂ ಬರೆದು ಅದು ಸುಮ್ಮನಾಗುತ್ತದೆ. ಕೈಕಾಲು ಗಟ್ಟಿಯಾಗಿದ್ದು, ಊರಿನ ದಾರಿಯೂ ನೆನಪಿದ್ದು, ತಮ್ಮ ಹೆಸರೊಂದನ್ನೇ ಮರೆತು ಜಗುಲಿಯಲ್ಲಿ ಕುಳಿತ ವೃದ್ಧರನ್ನು ನೋಡಿದವರಿಗೆ ಈ ದೃಶ್ಯದ ವ್ಯಥೆ ಅರ್ಥವಾದೀತು.

ಇಂಥ ಯಂತ್ರಗಳನ್ನು ಹುಡುಕಿ ತಂದು, ಅವುಗಳ ಮೇಲೆ ಇಂದಿನ ಕಾಲದ ಯುನಿಕ್ಸ್ ಕುಲದ ಕಾರ್ಯಾಚರಣ ವ್ಯವಸ್ಥೆಯನ್ನು ನಡೆಸುವುದನ್ನೇ ಹವ್ಯಾಸವಾಗಿ ಮಾಡಿಕೊಂಡವರು ಜಗತ್ತಿನ ನಾನಾ ದೇಶಗಳಲ್ಲಿ ಇದ್ದಾರೆ. ಅವರ ಕೆಲಸವು ಬಹುಮಟ್ಟಿಗೆ ರೋಗನಿದಾನದ ಕೆಲಸ. ಅದನ್ನು ವಿವರಿಸಲು ಸ್ಪಾರ್ಕ್‌ಸ್ಟೇಷನ್ 1 ಎಂಬ ಮಾದರಿಯನ್ನೇ ಆರಿಸಿಕೊಂಡಿದ್ದೇನೆ. 1989ರಲ್ಲಿ ಸನ್ ಸಂಸ್ಥೆಯು ಹೊರತಂದ ಈ ಚಪ್ಪಟೆಯ ಪೆಟ್ಟಿಗೆಯ ಗಡಿಯಾರ ಸೆಕೆಂಡಿಗೆ 2 ಕೋಟಿ ಸಲ ಮಿಡಿಯುತ್ತಿತ್ತು. ಕೂಡಿಸಬಹುದಾದ ಗರಿಷ್ಠ ಸ್ಮೃತಿ 64 ಮೆಗಾಬೈಟು. ಆಗ ವಿಶ್ವವಿದ್ಯಾಲಯಗಳ ಪ್ರಯೋಗಶಾಲೆಗಳಲ್ಲಿ ಗೌರವದ ಸ್ಥಾನದಲ್ಲಿದ್ದ ಈ ಯಂತ್ರವನ್ನು ಇಂದು ಕೈಯಲ್ಲಿ ಹಿಡಿಯುವ ಅತ್ಯಂತ ಅಗ್ಗದ ಫೋನೂ ಮೀರಿಸುತ್ತದೆ. ಆದರೆ ಆ ಫೋನಿನ ಅಂತರಂಗವನ್ನು ಅದರ ಒಡೆಯನು ಕಾಣಲಾರ. ಈ ಪೆಟ್ಟಿಗೆಯ ಮುಚ್ಚಳವನ್ನು ತೆರೆದರೆ ಒಂದೊಂದು ಅಂಗವನ್ನೂ ಬೆರಳಿಟ್ಟು ತೋರಿಸಬಹುದು. ಹವ್ಯಾಸಿಗಳ ಒಲವಿಗೆ ಮುಖ್ಯವಾದ ಕಾರಣ ಇದೇ ಎಂದು ನಾನು ನಂಬಿದ್ದೇನೆ.

ಮರೆವಿನ ಮೂಲವೂ ಹಾಗೆ ಬೆರಳಿಟ್ಟು ತೋರಿಸಬಹುದಾದದ್ದೇ. ಮುಖ್ಯಫಲಕದ ಮೇಲೆ, ಇಕ್ಕೆಲಗಳಲ್ಲಿ ಹನ್ನೆರಡು ಹನ್ನೆರಡು ಕಾಲುಗಳಿರುವ, ಬೆನ್ನಿನ ಮೇಲೊಂದು ದಪ್ಪನೆಯ ಗೂನು ಇರುವ ಚಿಪ್ ಒಂದಿದೆ. ಅದರೊಳಗೆ 2 ಕಿಲೋಬೈಟಿನಷ್ಟು ಪುಟ್ಟ ಸ್ಮೃತಿ ಮತ್ತು ಒಂದು ಗಡಿಯಾರ. ಗೂನಿನೊಳಗೆ ಎಪಾಕ್ಸಿ ರಾಳದಲ್ಲಿ ಹುದುಗಿಸಿದ ಲಿಥಿಯಂ ಸೆಲ್ಲು. ಹೊರಗಿನ ವಿದ್ಯುತ್ತು ನಿಂತಾಗಲೂ ಆ ಸೆಲ್ಲಿನ ಆಶ್ರಯದಿಂದ ಗಡಿಯಾರವು ನಡೆಯುತ್ತಿರುತ್ತದೆ, ಸ್ಮೃತಿಯು ಉಳಿದಿರುತ್ತದೆ. ಆ ಸ್ಮೃತಿಯ ಒಂದು ಅಂಚಿನಲ್ಲಿಯೇ ಯಂತ್ರದ ಗುರುತು ಬರೆದಿರುವುದು: ಅದು ಯಾವ ಜಾತಿಯ ಯಂತ್ರ, ಅದರ ಕ್ರಮಸಂಖ್ಯೆ ಏನು, ಜಾಲದಲ್ಲಿ ಅದರ ವಿಳಾಸ ಯಾವುದು ಎಂಬ ವಿವರಗಳು. ಸೆಲ್ಲಿಗೆ ತಯಾರಕರು ಹೇಳಿದ ಆಯುಸ್ಸು ಸುಮಾರು ಹತ್ತು ವರ್ಷ. ಹತ್ತು ವರ್ಷಗಳ ತರುವಾಯ ಈ ಯಂತ್ರವನ್ನು ಯಾರೂ ಬಳಸರೆಂದು ಅಂದಿನವರು ಭಾವಿಸಿದ್ದರೆ ಅದು ಅಸಹಜವೇನಲ್ಲ; ಆದರೂ ಒಂದು ಯಂತ್ರದ ಹೆಸರನ್ನು, ತೆಗೆದು ಬದಲಿಸಲಾಗದ ಸೆಲ್ಲಿನ ವಶಕ್ಕೆ ಒಪ್ಪಿಸಿದ್ದು ದೂರದೃಷ್ಟಿಯ ಕೆಲಸವಾಗಲಿಲ್ಲವೆಂದು ಹೇಳಲೇಬೇಕು.

ಪರಿಹಾರವು ಶಸ್ತ್ರಚಿಕಿತ್ಸೆಯೇ ಸರಿ. ಚಿಪ್ಪನ್ನು ಅದರ ಗೂಡಿನಿಂದ ಮೆಲ್ಲಗೆ ಮೇಲೆತ್ತಿ, ಗೂನಿನ ಪಾರ್ಶ್ವವನ್ನು ಸಣ್ಣ ಅರದಿಂದ ಉಜ್ಜುತ್ತ ಹೋದರೆ, ರಾಳದ ಕಪ್ಪಿನ ನಡುವೆ ಲೋಹದ ಹೊಳಪೊಂದು ಕಾಣಿಸಿಕೊಳ್ಳುತ್ತದೆ. ಅದು ಸತ್ತ ಸೆಲ್ಲಿನಿಂದ ಚಿಪ್ಪಿಗೆ ಇಳಿದ ತಂತಿ. ಆ ಸಂಬಂಧವನ್ನು ಕಡಿದು, ಚಿಪ್ಪಿನ ಕಡೆಯ ತುದಿಗಳಿಗೆ ಎರಡು ಎಳೆಗಳನ್ನು ಬೆಸುಗೆ ಹಾಕಿ, ನಾಣ್ಯದಾಕಾರದ 3 ವೋಲ್ಟಿನ ಸೆಲ್ಲೊಂದನ್ನು ಹೊರಗೆ ಜೋಡಿಸುತ್ತಾರೆ. ಅರವು ಒಂದು ಕೂದಲಿನಷ್ಟು ಆಳಕ್ಕೆ ಜಾರಿದರೂ ಚಿಪ್ ಕೆಡುತ್ತದೆಯಾದುದರಿಂದ, ಅನುಭವಿಗಳು ಮೊದಲು ಕೆಟ್ಟುಹೋದ ಚಿಪ್ಪೊಂದರ ಮೇಲೆ ಕೈ ಪಳಗಿಸಿಕೊಳ್ಳುವುದುಂಟು.

ಸೆಲ್ಲು ಬಂದ ಮಾತ್ರಕ್ಕೆ ಹೆಸರು ಮರಳಿ ಬಾರದು. ಅದನ್ನು ಕೈಯಿಂದಲೇ ಬರೆಯಬೇಕು. ಇಲ್ಲಿ ಓಪನ್‌ಬೂಟ್ ಎಂಬ, ಯಂತ್ರದಲ್ಲಿ ಶಾಶ್ವತವಾಗಿ ಅಚ್ಚಾಗಿರುವ ಆದಿಮ ತಂತ್ರಾಂಶವು ನೆರವಿಗೆ ಬರುತ್ತದೆ. ‘ಓಕೆ’ ಎಂಬ ಎರಡಕ್ಷರವನ್ನು ತೋರಿಸಿ ಆಜ್ಞೆಗಾಗಿ ಕಾಯುವ ಈ ತಂತ್ರಾಂಶದ ಭಾಷೆ ಫೋರ್ತ್. ಚಾರ್ಲ್ಸ್ ಮೂರ್ ಎಂಬಾತನು ರೂಪಿಸಿದ ಈ ಭಾಷೆಯ ವಾಕ್ಯರಚನೆಯನ್ನು ಕಂಡು ಕನ್ನಡಿಗನು ಬೆರಗಾಗಬೇಕಾಗಿಲ್ಲ. ನಾವು ‘ಹಣ್ಣನ್ನು ಬುಟ್ಟಿಯಲ್ಲಿ ಇಡು’ ಎನ್ನುತ್ತೇವೆ; ವಸ್ತು ಮೊದಲು, ಸ್ಥಾನ ಅನಂತರ, ಕ್ರಿಯಾಪದ ಕೊನೆಗೆ. ಫೋರ್ತ್ ಭಾಷೆಯಲ್ಲಿಯೂ ‘1 0 ಎಂಕೆಪಿ’ ಎಂದರೆ 1 ಎಂಬುದನ್ನು 0 ಎಂಬ ಮನೆಯಲ್ಲಿ ಇಡು ಎಂದೇ ಅರ್ಥ. ತೊಳೆದು ಒಂದರ ಮೇಲೊಂದು ಕವುಚಿಟ್ಟ ತಟ್ಟೆಗಳಂತೆ ಸಂಖ್ಯೆಗಳು ರಾಶಿಯಾಗುತ್ತವೆ. ಕ್ರಿಯಾಪದವು ಬಂದು ಮೇಲಿನಿಂದ ತನಗೆ ಬೇಕಾದಷ್ಟನ್ನು ಎತ್ತಿಕೊಳ್ಳುತ್ತದೆ.

ಹೀಗೆ ಹದಿನಾರು ಮನೆಗಳನ್ನು ತುಂಬಬೇಕು. ಮೊದಲನೆಯದರಲ್ಲಿ 1, ಎರಡನೆಯದರಲ್ಲಿ ಯಂತ್ರದ ಜಾತಿ, ಹದಿನಾರರ ಎಣಿಕೆಯಲ್ಲಿ ಸ್ಪಾರ್ಕ್‌ಸ್ಟೇಷನ್ 1ಕ್ಕೆ 51, ಅದರ ತಮ್ಮನಾದ ಸ್ಪಾರ್ಕ್‌ಸ್ಟೇಷನ್ 2ಕ್ಕೆ 55. ಮುಂದಿನ ಆರರಲ್ಲಿ ಜಾಲವಿಳಾಸ: ಮೊದಲ ಮೂರು ಸನ್ ವಂಶದ ಗೋತ್ರದಂತಿರುವ 08:00:20, ಉಳಿದ ಮೂರು ಆ ಒಂದೇ ಯಂತ್ರಕ್ಕೆ ಸಲ್ಲತಕ್ಕವು. ಆಮೇಲೆ ತಯಾರಾದ ದಿನಾಂಕ ಮತ್ತು ಕ್ರಮಸಂಖ್ಯೆ. ಹದಿನಾರನೆಯ ಮನೆಯು ಹಿಂದಿನ ಹದಿನೈದರ ತಾಳೆ: ಎರಡರ ಎಣಿಕೆಯಲ್ಲಿ ಬರೆದ ಆ ಹದಿನೈದು ಸಂಖ್ಯೆಗಳ ಒಂದೊಂದು ಕಂಬಸಾಲಿನಲ್ಲೂ ಒಂದುಗಳು ಬೆಸವಾಗಿದ್ದರೆ 1, ಸಮವಾಗಿದ್ದರೆ 0. ಒಂದೇ ಒಂದು ಅಂಕೆ ತಪ್ಪಿದರೂ ತಾಳೆ ಕೂಡುವುದಿಲ್ಲ, ಯಂತ್ರವು ತನ್ನ ಹೆಸರನ್ನು ಒಪ್ಪುವುದಿಲ್ಲ. ಹಳೆಯ ವಿಳಾಸದ ಅಂಕೆಗಳು ಚಿಪ್ಪಿನ ಮೇಲಂಟಿಸಿದ ಚೀಟಿಯಲ್ಲಿ ಉಳಿದಿರುವುದೂ ಉಂಟು. ಹಾಗೆ ದೊರೆತಾಗ, ಸುಳ್ಳು ಹೆಸರೊಂದನ್ನು ಕಟ್ಟದೆ ಯಂತ್ರದ ನಿಜವಾದ ಹೆಸರನ್ನೇ ಅದಕ್ಕೆ ಹಿಂದಿರುಗಿಸುವ ಹವ್ಯಾಸಿಯ ನಿಷ್ಠೆ ನನಗೆ ಬಹಳ ಮೆಚ್ಚಿಗೆಯಾದದ್ದು.

ಹೆಸರಿಗೆ ಇಷ್ಟೊಂದು ಮಹತ್ತ್ವವೇಕೆಂಬುದು ಮುಂದಿನ ಹಂತದಲ್ಲಿ ತಿಳಿಯುತ್ತದೆ. ಮುಪ್ಪಿನ ಯಂತ್ರದ ಡಿಸ್ಕು ಕೆಟ್ಟಿರುತ್ತದೆ. ಸಿಡಿಯಿಂದ ಎಬ್ಬಿಸೋಣವೆಂದರೆ 512 ಬೈಟುಗಳ ತುತ್ತುಗಳಲ್ಲಿ ಓದಬಲ್ಲ ಡ್ರೈವೇ ಈ ಯಂತ್ರಕ್ಕೆ ಬೇಕು, ಸಾಮಾನ್ಯವಾದವುಗಳ 2048 ಬೈಟಿನ ತುತ್ತು ಇದಕ್ಕೆ ಒಗ್ಗದು. ಆದುದರಿಂದ ಜಾಲದ ಮೂಲಕ ಎಬ್ಬಿಸುವುದೇ ಹಲವರು ಹಿಡಿಯುವ ದಾರಿ. ಆಗ ಯಂತ್ರವು ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ, ‘ನನ್ನ ಈಥರ್‌ನೆಟ್ ವಿಳಾಸವಿದು, ನನ್ನ ಅಂತರಜಾಲ ಸಂಖ್ಯೆ ಯಾವುದು?’ ಎಂದು ಕೂಗುತ್ತದೆ. ಆರು ‘ಎಫ್‌ಎಫ್’ಗಳೆಂದರೆ ಎಲ್ಲರನ್ನೂ ಒಟ್ಟಿಗೆ ಕರೆಯುವ ವಿಳಾಸ, ಊರಿಗೆಲ್ಲ ಸೇರಿದ ಹೆಸರನ್ನೇ ತನ್ನ ಹೆಸರೆಂದು ಹೇಳಿಕೊಂಡವನಿಗೆ ಯಾರು ತಾನೆ ಓಗೊಟ್ಟಾರು? ಹೆಸರು ಸರಿಯಾಗಿದ್ದರೆ ಪಕ್ಕದ ಗಣಕವು ‘ನೀನು 192.168.1.2’ ಎಂದು ತಿಳಿಸುತ್ತದೆ. ಕೂಡಲೇ ಸ್ಪಾರ್ಕ್‌ಸ್ಟೇಷನ್ ಆ ಸಂಖ್ಯೆಯನ್ನು ಹದಿನಾರರ ಎಣಿಕೆಗೆ ತಿರುಗಿಸಿ, ‘ಸಿ0ಎ80102’ ಎಂಬುದರ ಮುಂದೆ ಒಂದು ಚುಕ್ಕೆ ಮತ್ತು ತನ್ನ ಕುಲನಾಮವಾದ ‘ಸನ್4ಸಿ’ಯನ್ನು ಸೇರಿಸಿ, ಆ ಹೆಸರಿನ ಕಡತವನ್ನು ಕೊಡೆಂದು ಕೇಳುತ್ತದೆ. ಅದು ಕೇಳುವುದು ದೊಡ್ಡ ಅಕ್ಷರಗಳಲ್ಲಿ. ಯುನಿಕ್ಸಿಗೆ ದೊಡ್ಡ ಅಕ್ಷರ ಬೇರೆ, ಸಣ್ಣ ಅಕ್ಷರ ಬೇರೆ. ಕಡತದ ಹೆಸರನ್ನು ಸಣ್ಣ ಅಕ್ಷರದಲ್ಲಿ ಬರೆದಿಟ್ಟು, ತಂತಿಯನ್ನೂ ಯಂತ್ರವನ್ನೂ ದೂರುತ್ತ ಒಂದಿಡೀ ಸಂಜೆಯನ್ನು ಕಳೆಯುವುದು ಈ ಹಾದಿಯಲ್ಲಿ ಸುಲಭವಾಗಿ ಆಗುವ ಪ್ರಮಾದ.

ಸಂಭಾಷಣೆಯು ಎಲ್ಲಿ ಕಡಿಯಿತೆಂಬುದನ್ನು ಊಹಿಸುತ್ತ ಕೂರಬೇಕಾಗಿಲ್ಲವೆಂಬುದೇ ಇಲ್ಲಿಯ ಭಾಗ್ಯ. ಮಗ್ಗುಲ ಗಣಕದಲ್ಲಿ ‘ಟಿಸಿಪಿಡಂಪ್’ ಎಂಬ ಉಪಕರಣವನ್ನು ನಡೆಸಿದರೆ ತಂತಿಯ ಮೇಲೆ ಹಾಯುವ ಒಂದೊಂದು ಮಾತೂ ತೆರೆಯ ಮೇಲೆ ಕಾಣುತ್ತದೆ. ಪ್ರಶ್ನೆಯೇ ಕಾಣದಿದ್ದರೆ ದೋಷವು ತಂತಿಯಲ್ಲಿ ಅಥವಾ ಹಳೆಯ ಹದಿನೈದು ಕಾಲಿನ ಸಂಧಾನವನ್ನು ಹೊಸ ತಂತಿಗೆ ಹೊಂದಿಸುವ ಪೆಟ್ಟಿಗೆಯಲ್ಲಿ. ಪ್ರಶ್ನೆಯಿದ್ದು ಉತ್ತರವಿಲ್ಲದಿದ್ದರೆ ದೋಷವು ಉತ್ತರಿಸಬೇಕಾದವನಲ್ಲಿ. ಉತ್ತರ ಬಂದು ಕಡತವು ಬಾರದಿದ್ದರೆ ಹೆಸರಿನಲ್ಲಿ ಅಥವಾ ಓದುವ ಅನುಮತಿಯಲ್ಲಿ. ನಾಡಿ ಹಿಡಿದು ಹಂತಹಂತವಾಗಿ ಒಳಸಾಗುವ ವೈದ್ಯನ ಕ್ರಮವಿದು. ಎಲ್ಲವೂ ಕೂಡಿಬಂದ ಗಳಿಗೆಯಲ್ಲಿ, ತೆರೆಯ ಮೇಲೆ ಒಂದು ಸಂಖ್ಯೆ ಮೂಡಿ, ಬಂದ ಬೈಟುಗಳನ್ನು ಎಣಿಸುತ್ತ ಸರಸರನೆ ಏರತೊಡಗುತ್ತದೆ.

ಹಾಗೆ ಬಂದಿಳಿಯುವ ವ್ಯವಸ್ಥೆಯ ಹೆಸರು ನೆಟ್‌ಬಿಎಸ್‌ಡಿ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚೀ ಅವರು ಪಿಡಿಪಿ-7 ಎಂಬ ಯಂತ್ರದ ಮೇಲೆ ಆರಂಭಿಸಿದ ಯುನಿಕ್ಸ್, 1973ರಲ್ಲಿ ಸಿ ಭಾಷೆಯಲ್ಲಿ ಪುನಾರಚಿತವಾಯಿತು. ಒಂದು ಯಂತ್ರಕ್ಕೆ ಅಂಟಿಕೊಳ್ಳದೆ ಇನ್ನೊಂದಕ್ಕೆ ದಾಟಬಲ್ಲ ಗುಣ ಅದಕ್ಕೆ ಪ್ರಾಪ್ತವಾದದ್ದು ಹೀಗೆ. ಅದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಬೆಳೆದು ಕವಲೊಡೆಯಿತು. ಆ ಕವಲಿನಿಂದ 1993ರಲ್ಲಿ ನಾಲ್ವರು ತರುಣರು ನೆಟ್‌ಬಿಎಸ್‌ಡಿಯನ್ನು ಹೊರಡಿಸಿದರು. ಈ ಪೆಟ್ಟಿಗೆಯೊಳಗಿನ ಸ್ಪಾರ್ಕ್ ಸಂಸ್ಕಾರಕದ ಮೂಲಕಲ್ಪನೆಯೂ ಅದೇ ಬರ್ಕ್ಲಿಯಲ್ಲಿ ಡೇವಿಡ್ ಪ್ಯಾಟರ್ಸನ್ ಅವರ ಬಳಗವು ನಡೆಸಿದ ಸಂಶೋಧನೆಯಿಂದ ಬಂದುದಾದ್ದರಿಂದ, ಇಲ್ಲಿ ಯಂತ್ರ ಮತ್ತು ತಂತ್ರಾಂಶ ಒಂದೇ ತವರಿನ ಸೋದರಿಯರು.

ಐವತ್ತಕ್ಕೂ ಮಿಕ್ಕಿದ ಯಂತ್ರಜಾತಿಗಳ ಮೇಲೆ ಒಂದೇ ವ್ಯವಸ್ಥೆ ನಡೆಯುವುದೆಂತು? ಯಂತ್ರಕ್ಕೆ ಅಧೀನವಾದ ಭಾಗವನ್ನೂ ಅಧೀನವಲ್ಲದ ಭಾಗವನ್ನೂ ಕಟ್ಟುನಿಟ್ಟಾಗಿ ಬೇರ್ಪಡಿಸಿರುವುದೇ ಅದರ ರಹಸ್ಯ. ಈ ಸ್ಪಾರ್ಕ್‌ಸ್ಟೇಷನ್ನಿನ ಈಥರ್‌ನೆಟ್ಟನ್ನು ನಡೆಸುವ ‘ಲ್ಯಾನ್ಸ್’ ಚಿಪ್ ಅಮೀಗಾ ಗಣಕದ ಜಾಲ ಕಾರ್ಡಿನಲ್ಲಿಯೂ ಇತ್ತು, ಡಿಜಿಟಲ್ ಸಂಸ್ಥೆಯ ವ್ಯಾಕ್ಸ್‌ಸ್ಟೇಷನ್ನಿನಲ್ಲಿಯೂ ಇತ್ತು. ಚಿಪ್ಪಿನೊಡನೆ ವ್ಯವಹರಿಸುವ ವಿದ್ಯೆಯನ್ನು ಒಮ್ಮೆ ಬರೆದು, ಚಿಪ್ ಕುಳಿತ ಗೂಡು ಎಂಥದೆಂಬುದನ್ನಷ್ಟೇ ಯಂತ್ರಯಂತ್ರಕ್ಕೂ ಬೇರೆಯಾಗಿ ಬರೆದರೆ ಸಾಕು.

ಹೀಗೆ ಬಗೆಬಗೆಯ ಯಂತ್ರಗಳ ಮೇಲೆ ನಡೆಸಿ ನೋಡುವುದರ ಪ್ರಯೋಜನವು ಹಳೆಯ ಯಂತ್ರಗಳಿಗೆ ಮಾತ್ರ ಸೀಮಿತವೆಂದು ತಿಳಿಯಬಾರದು. ಇಪ್ಪತ್ತೊಂದನ್ನು ಸಂಸ್ಕೃತವು ಒಂದನ್ನು ಮುಂದಿಟ್ಟು ‘ಏಕವಿಂಶತಿ’ ಎನ್ನುತ್ತದೆ, ಕನ್ನಡವು ಇಪ್ಪತ್ತನ್ನು ಮುಂದಿಡುತ್ತದೆ. ಹಾಗೆಯೇ ಇಂದು ಮನೆಮನೆಯಲ್ಲಿರುವ ಇಂಟೆಲ್ ಮಾದರಿಯ ಯಂತ್ರಗಳು ಸಂಖ್ಯೆಯ ಕಿರಿಯ ಬೈಟನ್ನು ಮೊದಲಿಡುತ್ತವೆ, ಸ್ಪಾರ್ಕ್ ಹಿರಿಯದನ್ನು ಮೊದಲಿಡುತ್ತದೆ. ಅಷ್ಟೇ ಅಲ್ಲ, ನಾಲ್ಕು ಬೈಟಿನ ಸಂಖ್ಯೆಯು ನಾಲ್ಕರಿಂದ ಭಾಗವಾಗುವ ವಿಳಾಸದಲ್ಲಿಯೇ ಇರತಕ್ಕದ್ದೆಂದು ಸ್ಪಾರ್ಕ್ ಹಟ ಹಿಡಿಯುತ್ತದೆ. ಹಾಗಿಲ್ಲದಿದ್ದರೂ ಇಂಟೆಲ್ ಸಹಿಸಿಕೊಂಡು ಮುಂದೆ ಸಾಗುತ್ತದೆ. ಆಲಸ್ಯದಿಂದ ಬರೆದ ತಂತ್ರಾಂಶವು ಒಂದರ ಮೇಲೆ ವರ್ಷಗಟ್ಟಲೆ ನಡೆದು, ಇನ್ನೊಂದರ ಮೇಲೆ ಮೊದಲ ಕ್ಷಣದಲ್ಲಿಯೇ ಕುಸಿಯುವುದು ಇದರಿಂದ. ಆ ಕುಸಿತದ ಜಾಡು ಹಿಡಿದು ಹವ್ಯಾಸಿಯು ತಿದ್ದಿದ ಸಾಲು, ಹೊಸ ಯಂತ್ರಗಳಲ್ಲಿ ಅಡಗಿ ಕುಳಿತಿದ್ದ ದೋಷವನ್ನೂ ನಿವಾರಿಸುತ್ತದೆ. 2016ರಲ್ಲಿ ಇದೇ ಯುನಿಕ್ಸ್ ಕುಲದ ಓಪನ್‌ಬಿಎಸ್‌ಡಿಯು ವ್ಯಾಕ್ಸನ್ನೂ 32 ಬಿಟ್ಟಿನ ಸ್ಪಾರ್ಕನ್ನೂ ಕೈಬಿಟ್ಟಿತು. ದುಡಿಯುವ ಕೈಗಳು ಕಡಿಮೆಯಾದಾಗ ಹಾಗೆ ಮಾಡುವುದು ನ್ಯಾಯವೇ ಆದರೂ, ಇಂಥ ಕಟುವಾದ ಪರೀಕ್ಷಕನೊಬ್ಬನನ್ನು ಕಳೆದುಕೊಂಡಂತಾಯಿತೆಂದು ನನಗೆ ಖೇದವಿದೆ.

ಮಿಕ್ಕ ವ್ಯಾಧಿಗಳು ಬೇಗ ಹೇಳಿ ಮುಗಿಸಬಹುದಾದವು. ವಿದ್ಯುತ್ ಪೂರೈಸುವ ಪೆಟ್ಟಿಗೆಯ ಕೆಪಾಸಿಟರುಗಳು ಒಣಗುತ್ತವೆ ಅಥವಾ ಸೋರುತ್ತವೆ. ಡಿಸ್ಕಿನ ತಲೆಯು ತಟ್ಟೆಗೆ ಅಂಟಿಕೊಳ್ಳುತ್ತದೆ. ಡಿಸ್ಕಿನ ಸ್ಥಾನದಲ್ಲಿ ಈಗ ಕ್ಯಾಮೆರಾದ ಸ್ಮೃತಿಕಾರ್ಡನ್ನು ಹಳೆಯ ಸ್ಕಸಿ ಡಿಸ್ಕಿನಂತೆ ನಟಿಸುವಂತೆ ಮಾಡುವ ಫಲಕಗಳು ದೊರೆಯುತ್ತವೆ. ತಂತ್ರಾಂಶದ ಕಡೆಯಿಂದಲೂ ತೊಡಕುಗಳಿವೆ. ಗುಪ್ತಲಿಪಿಯ ಕೀಲಿಗಳನ್ನು ಹುಟ್ಟಿಸಲು ಊಹೆಗೆ ನಿಲುಕದ ಸಂಖ್ಯೆಗಳು ಬೇಕು. ಅವನ್ನು ಉತ್ಪಾದಿಸುವ ಅಂಗ ಈ ಯಂತ್ರಕ್ಕಿಲ್ಲವಾದ್ದರಿಂದ, 2024ರ ನೆಟ್‌ಬಿಎಸ್‌ಡಿ 10 ಎಚ್ಚರಿಕೆಯ ಮಾತನ್ನು ಬರೆದು ಕಾಯುತ್ತ ನಿಲ್ಲುವುದುಂಟು. ಬಲ್ಲವರು ಮತ್ತೊಂದು ಗಣಕದಿಂದ ಅಂಥ ಸಂಖ್ಯೆಗಳ ಬೀಜವನ್ನು ತಂದು ಬಿತ್ತುತ್ತಾರೆ. ವ್ಯವಸ್ಥೆಯ ತಿರುಳಾದ ಕರ್ನಲನ್ನು ಹೊಸದಾಗಿ ಕಟ್ಟುವ ಕೆಲಸವನ್ನೂ ವೇಗದ ಯಂತ್ರವೊಂದರಲ್ಲಿ ಮಾಡಿ, ಫಲವನ್ನು ಮಾತ್ರ ಇಲ್ಲಿಗೆ ತರುವುದು ವಾಡಿಕೆ.

ಕಾಲದ ವಿಷಯದಲ್ಲಿ ಮಾತ್ರ ಈ ಮುದಿಯಂತ್ರಕ್ಕೆ ಒಂದು ಅನಿರೀಕ್ಷಿತವಾದ ವರ ದೊರೆತಿದೆ. 1970ರ ಆರಂಭದಿಂದ ಸೆಕೆಂಡುಗಳನ್ನು 32 ಬಿಟ್ಟಿನ ಪಾತ್ರೆಯಲ್ಲಿ ಎಣಿಸಿಡುವ ಯುನಿಕ್ಸಿನ ಹಳೆಯ ಪದ್ಧತಿಯಲ್ಲಿ, ಆ ಪಾತ್ರೆಯು ನಮ್ಮ ಗಡಿಯಾರದಂತೆ 2038ರ ಜನವರಿ 19ರ ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬಿ, ಮರುಕ್ಷಣವೇ ಉಕ್ಕುತ್ತದೆ. 2012ರ ನೆಟ್‌ಬಿಎಸ್‌ಡಿ 6 ಆ ಪಾತ್ರೆಯನ್ನು 32 ಬಿಟ್ಟಿನ ಯಂತ್ರಗಳಲ್ಲಿಯೂ 64 ಬಿಟ್ಟಿಗೆ ಹಿಗ್ಗಿಸಿತು. 1989ರ ಪೆಟ್ಟಿಗೆಯ ವ್ಯವಸ್ಥೆಯು ಆ ಬೆಳಗನ್ನು ಎಣಿಕೆ ತಪ್ಪದೆ ದಾಟಬಲ್ಲುದು.

ಎಲ್ಲ ಕೆಲಸವೂ ಮುಗಿದ ರಾತ್ರಿ ಹವ್ಯಾಸಿಯು ಯಂತ್ರವನ್ನು ಕ್ರಮವಾಗಿ ನಿಲ್ಲಿಸಿ, ವಿದ್ಯುತ್ತಿನ ತಂತಿಯನ್ನು ಗೋಡೆಯಿಂದಲೇ ಕಿತ್ತಿಡುತ್ತಾನೆ. ಬೆಸುಗೆಯ ನಿಜವಾದ ಪರೀಕ್ಷೆ ಇದೊಂದೇ. ಮಾರನೆಯ ಬೆಳಗ್ಗೆ ತಂತಿಯನ್ನು ಸಿಕ್ಕಿಸಿ ಗುಂಡಿಯೊತ್ತಿದಾಗ ಬೀಸಣಿಗೆ ತಿರುಗುತ್ತದೆ, ಬಿಳಿಯ ತೆರೆ ಬೆಳಗುತ್ತದೆ, ಸ್ಮೃತಿಯ ಲೆಕ್ಕ ಬರುತ್ತದೆ. ಅದರ ಕೆಳಗೆ, ಈಥರ್‌ನೆಟ್ ವಿಳಾಸದ ಸ್ಥಾನದಲ್ಲಿ, 08:00:20 ಎಂದು ಮೊದಲಾಗುವ ಅದರ ಹೆಸರು.