ಮೀನು ಸತ್ತರೆ ಶಿಕ್ಷೆ ಯಾರಿಗೆ?

2018ರ ಮೇ ತಿಂಗಳಿನಲ್ಲಿ ಪಂಜಾಬಿನ ಬಿಯಾಸ್ ನದಿಯಲ್ಲಿ ರಾಶಿ ರಾಶಿ ಮೀನುಗಳು ಸತ್ತು ತೇಲಿದವು. ಗುರುದಾಸಪುರ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರಿಂದ ಹರಿದ ಕಾಕಂಬಿ ನದಿಗೆ ಸೇರಿತ್ತು. ಕಾಕಂಬಿ ವಿಷವಲ್ಲವಲ್ಲ, ದನಗಳ ಮೇವಿಗೂ ಬೆರೆಸುತ್ತಾರಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಅದರಲ್ಲಿರುವ ಸಕ್ಕರೆ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟ. ಅವು ಲಕ್ಷೋಪಲಕ್ಷವಾಗಿ ಬೆಳೆದು, ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಸುಮಾರು 25 ಡಿಗ್ರಿ ಉಷ್ಣತೆಯ ಶುದ್ಧ ನೀರು ಲೀಟರಿಗೆ 8 ಮಿಲಿಗ್ರಾಂನಷ್ಟು ಆಮ್ಲಜನಕವನ್ನು ಮಾತ್ರ ಹಿಡಿದಿಟ್ಟುಕೊಳ್ಳಬಲ್ಲದು. ಮೀನುಗಾರಿಕೆಗೆ ಯೋಗ್ಯವೆನಿಸಲು ಕನಿಷ್ಠ 4 ಮಿಲಿಗ್ರಾಂ ಇರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುತ್ತದೆ. ಅಂದರೆ ಮೀನಿನ ಕೈಯಲ್ಲಿರುವ ಉಳಿತಾಯ ಬಹಳ ಸಣ್ಣದು. ಅದು ಉಸಿರುಕಟ್ಟಿ ಸಾಯುತ್ತದೆ.

ಈಗ ಕಾನೂನಿಗೆ ಬರೋಣ. 1897ರ ಭಾರತೀಯ ಮೀನುಗಾರಿಕೆ ಕಾಯಿದೆಯ ಪ್ರಕಾರ ಮೀನು ಹಿಡಿಯುವ ಅಥವಾ ಕೊಲ್ಲುವ ಉದ್ದೇಶದಿಂದ ನೀರಿಗೆ ವಿಷವನ್ನೋ ಸುಣ್ಣವನ್ನೋ ಹಾಕಿದವನಿಗೆ ಎರಡು ತಿಂಗಳವರೆಗೆ ಸಜೆ ಅಥವಾ 200 ರೂಪಾಯಿವರೆಗೆ ಜುಲ್ಮಾನೆ. 'ಉದ್ದೇಶದಿಂದ' ಎಂಬ ಮಾತನ್ನು ಗಮನಿಸಿ. ಹೊಳೆಗೆ ವಿಷದ ಕಾಯಿ ಅರೆದು ಹಾಕಿದವನು ಸಿಕ್ಕಿಬೀಳುತ್ತಾನೆ. ಕಾರ್ಖಾನೆಗೆ ಮೀನಿನ ಮೇಲೇನು ದ್ವೇಷ? ಅದು ತಪ್ಪಿಸಿಕೊಳ್ಳುತ್ತದೆ.

1974ರ ಜಲಮಾಲಿನ್ಯ ಕಾಯಿದೆ ಈ ಕಿಂಡಿಯನ್ನು ಬಹುಮಟ್ಟಿಗೆ ಮುಚ್ಚಿತು. ಅದನ್ನು ಮೊದಲಿಗೇ ಒಪ್ಪಿದ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಕೊಲ್ಲುವ ಉದ್ದೇಶ ಬೇಕಿಲ್ಲ, ತಿಳಿದೂ ತಿಳಿದೂ ಹೊಲಸನ್ನು ನದಿಗೆ ಬಿಟ್ಟರೆ ಸಾಕು, ಒಂದೂವರೆ ವರ್ಷದಿಂದ ಆರು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. 2024ರ ತಿದ್ದುಪಡಿ ಇಲ್ಲಿ ಸೆರೆವಾಸವನ್ನು ತೆಗೆದು 10,000 ರೂಪಾಯಿಗಳಿಂದ 15 ಲಕ್ಷದವರೆಗಿನ ದಂಡವನ್ನಷ್ಟೇ ಇಟ್ಟಿತು. ಅದು ಮೊದಲು ಜಾರಿಯಾದದ್ದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ. ಉಳಿದ ರಾಜ್ಯಗಳಲ್ಲಿ ವಿಧಾನಮಂಡಲ ಒಪ್ಪಿದರೆ ಮಾತ್ರ ಅನ್ವಯ. ದೊಡ್ಡ ಕಾರ್ಖಾನೆಗೆ 15 ಲಕ್ಷ ಎಷ್ಟರ ಮಾತು ಎಂಬ ಅನುಮಾನ ನನಗಂತೂ ಇದೆ.

ಹಾಗಾದರೆ ಟ್ಯಾಂಕು ಸೋರಿ ಆಕಸ್ಮಿಕವಾಗಿ ಹರಿದದ್ದಕ್ಕೆ? ಮಾಲಿನ್ಯ ಮಾಡಿದವನೇ ವೆಚ್ಚ ಭರಿಸಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟು 1996ರಲ್ಲಿ, ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಮೊಕದ್ದಮೆಯಲ್ಲಿ, ಎತ್ತಿಹಿಡಿಯಿತು. 2010ರ ಕಾಯಿದೆಯಂತೆ ರಚಿತವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಅಪಘಾತವಾದಾಗ ಯಾರ ತಪ್ಪೆಂದು ನೋಡದೆಯೇ ಪರಿಹಾರ ವಿಧಿಸಬಲ್ಲದು. ಬಿಯಾಸ್ ಪ್ರಕರಣದಲ್ಲಿ ಪಂಜಾಬಿನ ಮಾಲಿನ್ಯ ನಿಯಂತ್ರಣ ಮಂಡಳಿ ಕಾರ್ಖಾನೆಗೆ 5 ಕೋಟಿ ರೂಪಾಯಿ ದಂಡ ಹಾಕಿತು.

ತೊಡಕಿರುವುದು ಸಾಕ್ಷ್ಯದಲ್ಲಿ. ನದಿ ನಿಲ್ಲುವುದಿಲ್ಲ, ಬೆಳಗಾಗುವಷ್ಟರಲ್ಲಿ ಹೊಲಸು ಮುಂದಕ್ಕೆ ಹೋಗಿರುತ್ತದೆ. ಕಾರ್ಖಾನೆಯ ತ್ಯಾಜ್ಯದ ಮಾದರಿಯನ್ನು ಮಂಡಳಿಯ ಅಧಿಕಾರಿ ನೋಟೀಸು ಕೊಟ್ಟು, ಎರಡು ಭಾಗ ಮಾಡಿ, ಮೊಹರು ಹಾಕಿ ಸಹಿ ಮಾಡಿ ಪ್ರಯೋಗಶಾಲೆಗೆ ಕಳಿಸಬೇಕು. ಈ ಕ್ರಮ ತಪ್ಪಿದರೆ ಆ ವರದಿಯನ್ನು ನ್ಯಾಯಾಲಯ ಸಾಕ್ಷ್ಯವೆಂದು ಸ್ವೀಕರಿಸದು. ನೀವು ಬಾಟಲಿಯಲ್ಲಿ ಹಿಡಿದು ತಂದದ್ದು ಅದರ ಜಾಗ ತುಂಬಲಾರದು. ಆದ್ದರಿಂದ ಸತ್ತ ಮೀನು ಕಂಡರೆ ಸ್ಥಳ, ಸಮಯ ಬರೆದುಕೊಂಡು ಮಂಡಳಿಯ ಪ್ರಾದೇಶಿಕ ಕಚೇರಿಗೆ ಕೂಡಲೇ ತಿಳಿಸಿ. ಮಂಡಳಿ ಸುಮ್ಮನಿದ್ದರೆ, 60 ದಿನಗಳ ನೋಟೀಸು ಕೊಟ್ಟ ಯಾವುದೇ ನಾಗರಿಕ ನೇರವಾಗಿ ನ್ಯಾಯಾಲಯದಲ್ಲಿ ದೂರು ಹೂಡಬಹುದು.