ಕೊಯಿಲು ಮುಗಿದ ಮೇಲೆ ಗೋಕರ್ಣಕ್ಕೆ

ಘಟ್ಟದ ಮೇಲಿನವರಾದ ನಾವು ಸಮುದ್ರವನ್ನೇ ಕಾಣದವರೇನಲ್ಲ. ಮದುವೆಗೆಂದೋ, ಆಸ್ಪತ್ರೆಗೆಂದೋ, ಮಂಗಳೂರಿನ ಮಂಡಿಗೆಂದೋ ಕೆಳಗಿಳಿದಾಗ ಬಸ್ಸಿನ ಕಿಟಕಿಯಿಂದ ಅದನ್ನು ನೋಡಿಯೇ ಇರುತ್ತೇವೆ. ಆದರೆ ಸಮುದ್ರದ ದಂಡೆಯಲ್ಲಿ ಎರಡು ದಿನ ಸುಮ್ಮನೆ ಕುಳಿತು ಬಂದವರು ನಮ್ಮ ಸದಸ್ಯರಲ್ಲಿ ಎಷ್ಟು ಮಂದಿ ಎಂದು ಕಳೆದ ಮಹಾಸಭೆಯಂದು ವಿಚಾರಿಸಿದಾಗ ಎದ್ದ ಕೈಗಳು ಮೂರೇ ಮೂರು. ಆ ದಿನವೇ ಗೋಕರ್ಣ ಪ್ರವಾಸದ ಮಾತು ಹುಟ್ಟಿತು. ರೋಬಸ್ಟಾ ಕೊಯಿಲು ಮುಗಿದು, ಅಡಿಕೆ ಒಣಗಿ ಚೀಲ ಸೇರಿ, ಶಿವರಾತ್ರಿಯ ಜಾತ್ರೆಯ ಗದ್ದಲವೂ ಅಡಗಿದ ಮೇಲೆ ಇಪ್ಪತ್ತೆರಡು ಮಂದಿ ಹೊರಟು ಎರಡು ರಾತ್ರಿ ಉಳಿದು ಬಂದೆವು. ಮುಂದೆ ಹೋಗಬಯಸುವವರಿಗೆ ಉಪಯೋಗವಾಗಲೆಂದು ಈ ಬರಹ. ಇದರಲ್ಲಿ ಊಟದ ವಿಚಾರವಿದೆ, ನೋಡುವ ಜಾಗಗಳ ವಿಚಾರವಿದೆ, ಕಾರ್ಯದರ್ಶಿಯಾಗಿ ನಮ್ಮಿಂದಾದ ಒಂದು ತಪ್ಪಿನ ವಿಚಾರವೂ ಇದೆ.

ಮೊದಲು ಕಾಲದ ಮಾತು. ನಮ್ಮಂಥವರಿಗೆ ಬಿಡುವೆಂದರೆ ಕೊಯಿಲು ಮುಗಿದ ದಿನದಿಂದ ಹೂಮಳೆ ಬೀಳುವ ದಿನದವರೆಗೆ, ಅಷ್ಟೇ. ಆ ಮಳೆ ಯಾವಾಗ ಬರುತ್ತದೆಂದು ಹೇಳಬಲ್ಲವರು ಯಾರೂ ಇಲ್ಲ. ಸ್ಪ್ರಿಂಕ್ಲರ್ ಇರುವವರಿಗೆ ನೀರು ಹಾಯಿಸುವ ಚಿಂತೆ, ಇಲ್ಲದವರಿಗೆ ಆಕಾಶ ನೋಡುವ ಚಿಂತೆ. ಮನೆಗೊಬ್ಬರು ತೋಟದಲ್ಲಿ ಉಳಿಯಲಿ, ಉಳಿದವರು ಹೊರಡಲಿ ಎಂದು ನಿರ್ಧರಿಸಿದೆವು. ಮೇ ಕಳೆದರೆ ಬೋರ್ಡೋ ಸಿಂಪರಣೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರವೂ ನೆಂಟರನ್ನು ಕರೆಯುವ ಸ್ಥಿತಿಯಲ್ಲಿರುವುದಿಲ್ಲ.

ತೀರ್ಥಹಳ್ಳಿ, ಹೊಸನಗರ, ಸಾಗರದ ಮೇಲೆ ಸಾಗಿ ಗೇರುಸೊಪ್ಪೆಯ ಘಟ್ಟವಿಳಿದರೆ ಹೊನ್ನಾವರ, ಅಲ್ಲಿಂದ ಕುಮಟಾ, ಕುಮಟಾದಿಂದ ಅಂಕೋಲೆಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮಾದನಗೇರಿಯ ಬಳಿ ಎಡಕ್ಕೆ ತಿರುಗಿದರೆ ಗೋಕರ್ಣ. ಮಂಗಳೂರು, ಉಡುಪಿಯ ಕಡೆಯಿಂದ ಬರುವವರಿಗೆ ೧೯೯೮ರಲ್ಲಿ ಪೂರ್ಣಗೊಂಡ ಕೊಂಕಣ ರೈಲಿದೆ. ಆದರೆ ಗೋಕರ್ಣ ರೋಡ್ ನಿಲ್ದಾಣದಿಂದ ಊರು ದೂರ, ಆಟೋ ಹಿಡಿಯಲೇಬೇಕು.

ಊರಿನ ಸ್ವರೂಪ ಹೀಗಿದೆ. ರಥಬೀದಿ, ಮಹಾಗಣಪತಿ, ಮಹಾಬಲೇಶ್ವರ, ಕೋಟಿತೀರ್ಥ, ಅಗ್ರಹಾರದ ಹಳೆಯ ಮನೆಗಳು. ಬೀದಿಯ ತುದಿಗೆ ಬಂದರೆ ಎದುರಿಗೇ ಕಡಲು. ಇದು ಯಾತ್ರಿಕರ ಗೋಕರ್ಣ. ದಕ್ಷಿಣದ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಇನ್ನೊಂದು ಗುಡ್ಡ ದಾಟಿದರೆ ಓಂ ಕಡಲತೀರ, ಅದರಾಚೆ ಹಾಫ್ ಮೂನ್ ಮತ್ತು ಪ್ಯಾರಡೈಸ್. ಅದು ಪ್ರವಾಸಿಗರ ಗೋಕರ್ಣ. ನಡುವೆ ಜಂಬಿಟ್ಟಿಗೆಯ ಬೋಳುಗುಡ್ಡ, ಕಾಲುದಾರಿ. ತೋಟದ ಏರಿಳಿತ ಕಂಡ ಕಾಲಿಗೆ ಇದೇನೂ ಕಷ್ಟವಲ್ಲ, ಆದರೆ ಬಿಸಿಲಿಗೆ ಮರದ ನೆರಳಿಲ್ಲ. ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ನಡೆಯಬೇಕು. ದೇವಸ್ಥಾನಕ್ಕೆ ಹೋಗುವ ಗಂಡಸರು ಪಂಚೆ ಉಟ್ಟು ಅಂಗಿ ತೆಗೆಯಬೇಕಾಗುವುದರಿಂದ ಪಂಚೆಯೊಂದನ್ನು ಚೀಲದಲ್ಲಿಟ್ಟುಕೊಳ್ಳುವುದು ಮೇಲು. ಮರೆತುಹೋದ ನಮ್ಮ ಉಪಾಧ್ಯಕ್ಷರು ಬೀದಿಯಲ್ಲಿ ಹೊಸದೊಂದನ್ನು ಕೊಳ್ಳಬೇಕಾಯಿತು. ಅದರ ಅಗಲ ಸಾಲದೆ ಇಡೀ ಬೆಳಗು ಒಂದು ಕೈಯಲ್ಲಿ ಅಂಚು ಹಿಡಿದೇ ಓಡಾಡಿದರು.

ಊಟದ ವಿಷಯಕ್ಕೆ ಬರೋಣ. ರಥಬೀದಿಯ ಸುತ್ತಮುತ್ತಲಿನ ಹೋಟೆಲುಗಳೆಲ್ಲ ಸಸ್ಯಾಹಾರದವು. ಬೆಳಿಗ್ಗೆ ಇಡ್ಲಿ, ಅವಲಕ್ಕಿ, ಬಾಳೆಹಣ್ಣು ಸೇರಿಸಿ ಕರಿದ ಬನ್ಸ್ ಸಿಗುತ್ತವೆ. ಬನ್ಸ್ ಏಳೂವರೆಯೊಳಗೆ ತಿಂದರೇ ಬನ್ಸ್, ತಣ್ಣಗಾದ ಮೇಲೆ ಅದು ಬೇರೆ ವಸ್ತು. ಮಧ್ಯಾಹ್ನ ಕುಚ್ಚಲಕ್ಕಿ ಬೇಕೆಂದು ಕೇಳಿ ಪಡೆಯಿರಿ. ಕೊನೆಯಲ್ಲಿ ಮುರುಗಲಿನ ಸಾರು ಬಂದರೆ ಎರಡನೆಯ ಲೋಟಕ್ಕೆ ಸಂಕೋಚಪಡಬೇಡಿ. ನಮ್ಮ ತೋಟದಂಚಿನಲ್ಲಿ ಅದೇ ಹಣ್ಣು ಉದುರಿ ಕೊಳೆಯುತ್ತದೆ, ಇಲ್ಲಿ ಅದಕ್ಕೆ ಮರ್ಯಾದೆ ಇದೆ.

ಮೀನು ತಿನ್ನುವವರು ಗುಡಿಯ ಬೀದಿಯಲ್ಲಿ ಹುಡುಕಬಾರದು. ಬರುವ ದಾರಿಯಲ್ಲಿ ಹೊನ್ನಾವರ, ಕುಮಟಾದಲ್ಲಿ ಅಥವಾ ಸ್ವಲ್ಪ ಉತ್ತರಕ್ಕೆ ಅಂಕೋಲೆಯಲ್ಲಿ ಊಟ ಮಾಡುವುದು ಒಳ್ಳೆಯದು. ತೆಂಗಿನಕಾಯಿಗೆ ಜುಮ್ಮನಕಾಯಿ ಹಾಕಿ ಮಾಡಿದ ಬಂಗಡೆ ಸಾರು, ರವೆಯಲ್ಲಿ ಹುರಿದ ನೊಗಲಿ, ಅಳಿವೆಯ ಬಳಚಿನ ಸುಕ್ಕ: ಇವು ಆ ಕಡೆಯ ಊಟ. ಹೊರಗೆ ದೊಡ್ಡ ಬೋರ್ಡು ಇರುವ ಕಡೆಗಿಂತ ಲಾರಿ ಚಾಲಕರೂ ಬ್ಯಾಂಕಿನ ಗುಮಾಸ್ತರೂ ಒಟ್ಟಿಗೆ ಕುಳಿತಿರುವ ಕಡೆ ಹೋಗಿ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ತಟ್ಟೆಗೆ ಬರುವ ಮೀನು ಎಲ್ಲಿಂದ ಬಂತೆಂದು ವಿಚಾರಿಸಿ ತಿನ್ನಬೇಕು.

ಕುಡ್ಲೆ, ಓಂ ತೀರದ ಚಪ್ಪರದ ಹೋಟೆಲುಗಳಲ್ಲಿ ಪರದೇಶದವರ ರುಚಿಯ ತಿಂಡಿಗಳೆಲ್ಲ ದೊರೆಯುತ್ತವೆ. ನಮ್ಮ ಹುಡುಗರು ಪಾಸ್ತಾ ತಿಂದು ಸಂತೋಷಪಟ್ಟರು, ಹಿರಿಯರು ಎಳನೀರು ಕುಡಿದು ಬೆಲೆ ಕೇಳಿ ದುಃಖಪಟ್ಟರು. ಕಾಫಿಯ ವಿಚಾರದಲ್ಲಿ ಮಾತ್ರ ನಮ್ಮ ಅಸಮಾಧಾನವನ್ನು ದಾಖಲಿಸದೆ ವಿಧಿಯಿಲ್ಲ. ಇಪ್ಪತ್ತೆರಡು ಮಂದಿ ಕಾಫಿ ಬೆಳೆಗಾರರ ಎದುರಿಗೆ ಒಂದು ಚಪ್ಪರದವರು ಬಿಸಿನೀರಿಗೆ ಪುಡಿ ಉದುರಿಸಿ ಕಲಕಿ ತಂದಿಟ್ಟರು. ಯಾರೂ ಮಾತನಾಡಲಿಲ್ಲ. ಮರುದಿನದಿಂದ ನಮ್ಮೊಡನೆ ಬಂದಿದ್ದ ಒಬ್ಬ ತಾಯಿ ತಂದಿದ್ದ ಫಿಲ್ಟರಿನಲ್ಲಿ, ವಸತಿಗೃಹದವರಿಂದ ಬಿಸಿನೀರು ಪಡೆದು, ನಮ್ಮದೇ ಪುಡಿಯ ಕಾಫಿ ಮಾಡಿಕೊಂಡೆವು. ಅದನ್ನು ಕುಡಿದ ವಸತಿಗೃಹದ ಯಜಮಾನರು ಎರಡು ಕಿಲೋ ಪುಡಿ ಕಳುಹಿಸಲು ಹೇಳಿದ್ದಾರೆ.

ಇನ್ನು ನಮ್ಮ ತಪ್ಪಿನ ಮಾತು. ಹೊರಡುವ ಮುನ್ನ ಸದಸ್ಯರಿಗೆ ಕಳುಹಿಸಿದ ಸುತ್ತೋಲೆಯಲ್ಲಿ ಪಂಚೆ, ಟೋಪಿ, ಔಷಧಿ, ಗುರುತಿನ ಚೀಟಿ ಎಲ್ಲವನ್ನೂ ಬರೆದಿದ್ದೆವು. ನೀರಿನ ಬಗ್ಗೆ ಒಂದು ಅಕ್ಷರ ಬರೆದಿರಲಿಲ್ಲ. ೨೦೨೪ರ ಡಿಸೆಂಬರ್‌ನಲ್ಲಿ ಇದೇ ಜಿಲ್ಲೆಯ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಅಲೆಗೆ ಸಿಕ್ಕಿ ತೀರಿಕೊಂಡ ಸುದ್ದಿಯನ್ನು ನಾವೂ ಓದಿದ್ದೆವು. ಓದಿಯೂ ಬರೆಯಲಿಲ್ಲ.

ಮೊದಲ ದಿನ ಸಂಜೆ ಕುಡ್ಲೆಯಲ್ಲಿ ನಮ್ಮ ಸದಸ್ಯರೊಬ್ಬರ ಮಗ, ಹತ್ತೊಂಬತ್ತರ ಹುಡುಗ, ಸೊಂಟಮಟ್ಟದ ನೀರಿಗಿಳಿದ. ತುಂಗೆಯಲ್ಲಿ ಮಳೆಗಾಲದ ಮೊದಲ ನೀರಿಗೂ ಈಜುವವನು. ಯಾರಿಗೂ ಅವನ ಬಗ್ಗೆ ಹೆದರಿಕೆ ಇರಲಿಲ್ಲ. ಅಲೆಗಳು ಹೆಚ್ಚಾಗಿ ಒಡೆಯದೆ ನೀರು ಶಾಂತವಾಗಿದ್ದ ಜಾಗವನ್ನೇ ಆರಿಸಿಕೊಂಡಿದ್ದ. ಎರಡು ನಿಮಿಷದಲ್ಲಿ ಅವನು ನಮ್ಮಿಂದ ದೂರದಲ್ಲಿದ್ದ. ದಡದ ಕಡೆಗೆ ಕೈ ಬಡಿಯುತ್ತಿದ್ದಾನೆ, ಆದರೂ ತಲೆ ಸಣ್ಣದಾಗುತ್ತಿದೆ. ಜೀವರಕ್ಷಕನ ಸೀಟಿ ಕೇಳಿದಾಗಲೇ ನಮಗೆ ಅರ್ಥವಾದದ್ದು. ಆತ ತೇಲುಗಟ್ಟು ಹಿಡಿದು ಹೋಗಿ, ಹುಡುಗನನ್ನು ನೇರವಾಗಿ ಎಳೆದು ತರದೆ ಅಡ್ಡಕ್ಕೆ ಒಯ್ದು, ಬಹಳ ಆಚೆ ದಡ ಸೇರಿಸಿದ. ಹುಡುಗ ಉಪ್ಪುನೀರು ಕಾರಿಕೊಂಡು ಎದ್ದು ಕುಳಿತ. ಅವನ ತಂದೆ ಮರಳಿನ ಮೇಲೆ ಕುಳಿತವರು ಕತ್ತಲಾಗುವವರೆಗೆ ಏಳಲಿಲ್ಲ, ಆ ರಾತ್ರಿ ಊಟವನ್ನೂ ಮಾಡಲಿಲ್ಲ. ನಾವೂ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಆ ಜೀವರಕ್ಷಕನೇ ಗುಡ್ಡದ ಮೇಲೆ ನಿಲ್ಲಿಸಿ ನಮ್ಮ ಹುಡುಗರಿಗೆಲ್ಲ ತೋರಿಸಿದ. ದಡಕ್ಕೆ ಬಂದ ಅಲೆಯ ನೀರು ವಾಪಸು ಹೋಗಲೇಬೇಕಲ್ಲ; ಮರಳಿನ ದಿಣ್ಣೆಗಳ ನಡುವೆ ತಗ್ಗು ಸಿಕ್ಕಿದ ಕಡೆ ಅದು ಕಾಲುವೆಯಂತೆ ಕಡಲಿಗೆ ಓಡುತ್ತದೆ. ಇದೇ ಸೆಳೆತ. ಆ ಜಾಗದಲ್ಲಿ ಅಲೆ ಕಡಿಮೆ ಒಡೆಯುತ್ತದೆ, ಮರಳು ಕದಡಿ ನೀರಿನ ಬಣ್ಣ ಬೇರೆಯಾಗಿರುತ್ತದೆ, ನೊರೆ ಹೊರಮುಖವಾಗಿ ಸಾಗುತ್ತದೆ. ಹೊಳೆಯಲ್ಲಿ ಈಜುವ ನಾವು ಶಾಂತ ನೀರನ್ನು ನಂಬುತ್ತೇವೆ, ಇಲ್ಲಿ ಅದೇ ಮೋಸ. ಸೆಳೆತ ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ದಡಕ್ಕೆ ನೇರವಾಗಿ ಈಜಲು ಹೋಗಿ ಸುಸ್ತಾದವನು ಮುಳುಗುತ್ತಾನೆ. ಸಿಕ್ಕಿಕೊಂಡರೆ ಗಾಬರಿಯಾಗದೆ ತೇಲುತ್ತಾ ಕೈಯೆತ್ತಿ ಕೂಗಬೇಕು, ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದ ಅಗಲವನ್ನು ದಾಟಿ ಆಮೇಲೆ ಒಳಕ್ಕೆ ಬರಬೇಕು. ನೋಡುವವರು ಕೈ ಹಿಡಿಯಲೆಂದು ನೀರಿಗೆ ಹಾರಬಾರದು, ತೇಲುವ ವಸ್ತು ಏನಾದರೂ ಎಸೆಯಬೇಕು. ಜೀವರಕ್ಷಕರಿಲ್ಲದ ತೀರದಲ್ಲಿ, ಕತ್ತಲಾದ ಮೇಲೆ, ಕುಡಿದು ನೀರಿಗೆ ಇಳಿಯಲೇಬಾರದು. ಓಂ ತೀರದ ಬಂಡೆಗಳ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವುದೂ ಬೇಡ.

ಆ ಎರಡನೆಯ ದಿನ ಯಾರಿಗೂ ಕಡಲಿಗೆ ಇಳಿಯುವ ಮನಸ್ಸಿರಲಿಲ್ಲ. ಹಾಗಾಗಿ ಕಡಲಿಗೆ ಬೆನ್ನು ಹಾಕಿ ತದಡಿಯ ದಿಕ್ಕಿಗೆ, ಸಾಣಿಕಟ್ಟೆಗೆ ಹೋದೆವು. ಪ್ರವಾಸದ ಅತ್ಯುತ್ತಮ ಭಾಗ ಅದೇ ಎಂಬುದು ನಮ್ಮ ಅಭಿಪ್ರಾಯ. ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು, ಮಡಿಯಿಂದ ಮಡಿಗೆ ಹಾಯಿಸಿ, ಬಿಸಿಲಿಗೆ ಗಟ್ಟಿಯಾಗಿಸಿ, ಕೊನೆಯ ಮಡಿಯಲ್ಲಿ ಹರಳುಗಟ್ಟಿದ ಉಪ್ಪನ್ನು ಮರದ ಹಲಗೆಯಿಂದ ಎಳೆದು ರಾಶಿ ಹಾಕುತ್ತಾರೆ. ಮೆತ್ತಿ ಮಟ್ಟ ಮಾಡಿದ ಆ ಮಡಿಗಳನ್ನು ಕಂಡು ನಮ್ಮವರೊಬ್ಬರು ಥೇಟ್ ನಮ್ಮ ಕಣ ಎಂದರು. ಚಿಂತೆಯೂ ನಮ್ಮದೇ: ಅಕಾಲದಲ್ಲಿ ಒಂದು ಮಳೆ ಬಿದ್ದರೆ ಕಣದಲ್ಲಿನ ಕಾಫಿ ಕಪ್ಪಾಗುತ್ತದೆ, ಅಲ್ಲಿ ಉಪ್ಪೇ ಕರಗಿ ಹೋಗುತ್ತದೆ. ಈ ಉಪ್ಪಿನ ಒಡೆಯರೂ ನಾಗರಬೈಲ್ ಹೆಸರಿನ ಸಹಕಾರಿ ಸಂಘ ಕಟ್ಟಿಕೊಂಡವರೆಂದು ತಿಳಿದು ನಮ್ಮ ನಿರ್ದೇಶಕರಿಗೆ ನೆಂಟರನ್ನು ಕಂಡಂತಾಯಿತು. ದಾಸ್ತಾನು, ತೂಕ, ಬೆಲೆ ಎಂದು ಒಂದು ಗಂಟೆ ಮಾತು ನಡೆಯಿತು. ಹೆಂಗಸರು ಬೇಸತ್ತು ಕರೆಯಬೇಕಾಯಿತು. ಹಿಂದೆ ಘಟ್ಟ ಹತ್ತಿ ಬರುತ್ತಿದ್ದ ಉಪ್ಪು ಇಂಥ ಕಡೆಗಳದೇ. ಅದನ್ನು ಹೇರಿಕೊಂಡು ಬಂದ ಎತ್ತುಗಳು ಹಿಂದಿರುಗುವಾಗ ಅಡಿಕೆ, ಮೆಣಸು ಹೊತ್ತು ಇಳಿಯುತ್ತಿದ್ದವು.

ತದಡಿಯ ಬಂದರಿನಲ್ಲಿ ದೋಣಿಗಳು ಬರುವ ಹೊತ್ತಿಗೆ ಹೋದರೆ ಮೀನಿನ ಹರಾಜು ನೋಡಬಹುದು. ಸಮುದ್ರ ಸೇರುವ ಅಘನಾಶಿನಿ ಹುಟ್ಟುವುದು ಶಿರಸಿಯಲ್ಲಿ. ಅದಕ್ಕೆ ಎಲ್ಲಿಯೂ ಅಣೆಕಟ್ಟಿಲ್ಲ. ಇಳಿತದ ಹೊತ್ತಿನಲ್ಲಿ ಅಳಿವೆಯ ಕೆಸರಿನಲ್ಲಿ ಬಳಚು ಹೆಕ್ಕುವವರು ನೂರಾರು ಮಂದಿ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಈ ಅಳಿವೆಯನ್ನು ೨೦೨೪ರಲ್ಲಿ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿಸಲಾಗಿದೆ.

ವಾಪಸು ಬರುವಾಗ ಮಿರ್ಜಾನ ಕೋಟೆಗೆ ಅರ್ಧ ದಿನ ಕೊಟ್ಟೆವು. ಜಂಬಿಟ್ಟಿಗೆಯ ಗೋಡೆ, ಬಾವಿಗಳು, ಹಸಿರು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ೧೫೫೨ರಿಂದ ೧೬೦೬ರವರೆಗೆ ಆಳಿದಳು. ಪೋರ್ಚುಗೀಸರು ಅವಳನ್ನು ಕರೆದದ್ದು ಕಾಳುಮೆಣಸಿನ ರಾಣಿ ಎಂದೇ. ಘಟ್ಟದ ಮೆಣಸು ಅವಳ ಬಂದರುಗಳಿಂದ ಹಡಗು ಹತ್ತುತ್ತಿತ್ತು. ಮೆಣಸಿನ ಬಳ್ಳಿ ಇರುವ ಪ್ರತಿಯೊಬ್ಬರೂ ಇದನ್ನು ನೋಡಬೇಕು. ಇವತ್ತಿನ ಧಾರಣೆ ಕೇಳಿಕೊಂಡು ಆ ಗೋಡೆಯ ದಪ್ಪ ನೋಡಿದರೆ ವ್ಯಾಪಾರ ಎಂಥದೆಂದು ತಿಳಿಯುತ್ತದೆ.

ಕುಮಟಾದ ಹತ್ತಿರ ಅಳ್ವೆಕೋಡಿಯಲ್ಲಿ ರಸ್ತೆಯ ಬದಿಗೆ ಸಿಹಿ ಈರುಳ್ಳಿಯ ಜಡೆಗಳನ್ನು ತೂಗುಹಾಕಿದ್ದರು, ಆ ವರ್ಷದ ಮೊದಲ ಕಟ್ಟುಗಳು. ಬಸ್ಸು ನಿಲ್ಲಿಸಿದ್ದು ಹತ್ತು ನಿಮಿಷಕ್ಕೆ, ಹೊರಟದ್ದು ಮುಕ್ಕಾಲು ಗಂಟೆಯ ಮೇಲೆ. ಅಷ್ಟರಲ್ಲಿ ಊರಿನಿಂದ ಫೋನು ಬಂತು: ಮಧ್ಯಾಹ್ನ ಹೂಮಳೆ ಬಿದ್ದಿದೆ, ಕೆಲವರಿಗೆ ಒಂದೂವರೆ ಅಂಗುಲ, ಹೊಳೆಯಾಚೆಯವರಿಗೆ ಹನಿಯೂ ಇಲ್ಲ. ಬಸ್ಸಿನಲ್ಲಿ ಅರ್ಧ ಜನ ನಕ್ಕರು, ಅರ್ಧ ಜನ ಕಿಟಕಿಯ ಹೊರಗೆ ನೋಡಿದರು.

ಮುಂದಿನ ಕೊಯಿಲಿನ ನಂತರದ ತಂಡಕ್ಕೆ ಹೆಸರು ಕೊಡುವವರು ಜನವರಿ ಕೊನೆಯೊಳಗೆ ಕಚೇರಿಯಲ್ಲಿ ಬರೆಸಬೇಕು. ಈ ಬಾರಿ ಸುತ್ತೋಲೆಯ ಮೊದಲ ಪುಟದಲ್ಲೇ ಸೆಳೆತದ ವಿಚಾರವಿರುತ್ತದೆ. ಹದಿನೆಂಟು ದಾಟದವರ ಜೊತೆ ಮನೆಯ ಹಿರಿಯರೊಬ್ಬರು ಬರಲೇಬೇಕು. ಜೀವರಕ್ಷಕರ ಮಾತು ಮೀರಿದವರನ್ನು ಬಸ್ಸಿನಲ್ಲೇ ಕೂರಿಸಲಾಗುವುದು. ಹೆಸರು ಬರೆಸಿದವರಲ್ಲಿ ಆ ಹುಡುಗನ ತಂದೆಯೇ ಮೊದಲಿಗರು, ಮಗನ ಹೆಸರನ್ನೂ ಸೇರಿಸಿದ್ದಾರೆ. ಕಾಫಿ ಪುಡಿ ಸಂಘದಿಂದ ಬರುತ್ತದೆ, ಫಿಲ್ಟರು ಯಾರಾದರೂ ತರಬೇಕು.