ಖಾತೆಯೂ ಸ್ವತ್ವವೂ

ನಗರವಾಸಿಗಳಲ್ಲಿ ‘ಖಾತೆ’ ಎಂಬ ಮಾತು ಎರಡು ಅರ್ಥಗಳಲ್ಲಿ ಪ್ರಚಾರದಲ್ಲಿರುವುದು. ಕಚೇರಿಯವರಿಗೆ ಅದು ಕಂದಾಯದ ಲೆಕ್ಕ. ಜನರಿಗೆ ಮನೆಯ ಒಡೆತನದ ಪತ್ರ. ಇದು ಕೇವಲ ಶಬ್ದವಿಚಾರವಲ್ಲ. ಈ ಭೇದವನ್ನರಿಯದೆ ಜೀವಮಾನದ ಗಳಿಕೆಯನ್ನು ನಿವೇಶನಕ್ಕೆ ಸುರಿದವರು ಕಷ್ಟಕ್ಕೀಡಾಗುವರಾದ್ದರಿಂದ ಇದನ್ನಿಲ್ಲಿ ವಿಚಾರಿಸುವೆವು.

ನಮ್ಮ ಶಾಸನಗಳಲ್ಲಿ ಮನೆಯ ಮೇಲಣ ತೆರಿಗೆಗೆ ‘ಮನೆದೆರೆ’, ‘ಮನೆವಣ’ ಎಂಬ ಹೆಸರುಗಳುಂಟು. ‘ಕಂದಾಯ’ ಶಬ್ದಕ್ಕೆ ನಾಲ್ಕು ತಿಂಗಳ ಅವಧಿಯೆಂಬ ಅರ್ಥವೂ ಇರುವುದನ್ನು ಪಂಚಾಂಗದ ಕಂದಾಯಫಲವನ್ನು ನೋಡಿದವರು ಬಲ್ಲರು. ‘ಖಾತೆ’ಯಾದರೋ ಮರಾಠಿ, ಹಿಂದೂಸ್ಥಾನಿಗಳಲ್ಲಿಯೂ ಇರುವ ಮಾತು, ವರ್ತಕನ ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರಿನಲ್ಲಿ ಬರೆದಿಡುವ ಲೆಕ್ಕವೇ ಅದರ ಅರ್ಥ. ಇವುಗಳಲ್ಲಿ ಯಾವುದೂ ಒಡೆತನವನ್ನು ಹೇಳುವುದಿಲ್ಲ.

ಯಾಜ್ಞವಲ್ಕ್ಯಸ್ಮೃತಿಯು ವ್ಯವಹಾರದಲ್ಲಿ ಲಿಖಿತ, ಭುಕ್ತಿ, ಸಾಕ್ಷಿ ಎಂಬ ಮೂರು ಪ್ರಮಾಣಗಳನ್ನು ಹೇಳುತ್ತದೆ. ಕ್ರಯ, ದಾನ ಮೊದಲಾದ ಸ್ವತ್ವಹೇತುಗಳಿಗೆ ‘ಆಗಮ’ವೆಂದು ಹೆಸರು. ಭೋಗಕ್ಕಿಂತ ಆಗಮವು ಬಲವತ್ತರವಾದುದು. ವಂಶಕ್ರಮವಾಗಿ ಬಂದ ಭೋಗಕ್ಕೆ ಮಾತ್ರ ಈ ನಿಯಮವಿಲ್ಲ. ಭೋಗವು ಲೇಶವೂ ಇಲ್ಲದಿದ್ದರೆ ಆಗಮವೂ ದುರ್ಬಲವೇ. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದದ್ದು ಈ ಸ್ಮೃತಿಗೇ. ಈ ದೃಷ್ಟಿಯಿಂದ ನೋಡಿದರೆ ಖಾತೆಯು ಆಗಮವಲ್ಲ, ಭುಕ್ತಿಗೆ ಪೋಷಕ ಮಾತ್ರ. ಕಂದಾಯದ ದಾಖಲೆಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ಸ್ವತ್ವವು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲವೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಮಾನಿಸಿತು.

ಬೆಂಗಳೂರಿನ ಉತ್ತರಕ್ಕೆ, ಜಾಲಹಳ್ಳಿಯ ಸಮೀಪದಲ್ಲಿರುವ ಅಬ್ಬಿಗೆರೆಯಂತಹ ಸ್ಥಳಗಳಲ್ಲಿ ಈ ವಿವೇಕವು ಅತ್ಯವಶ್ಯಕ. ಕೆರೆಯನ್ನು ಹೆಸರಿನಲ್ಲಿಯೇ ಹೊತ್ತ ಈ ಹಳ್ಳಿಯು ಇಂದು ನಗರದೊಳಗೆ ಸೇರಿಹೋಗಿದೆ. 2007ರಲ್ಲಿ 7 ನಗರಸಭೆಗಳು, 1 ಪುರಸಭೆ, 110 ಗ್ರಾಮಗಳು ಕೂಡಿಕೊಂಡು ಬೃಹತ್ ಬೆಂಗಳೂರು ಮಹಾನಗರಪಾಲಿಕೆಯಾಯಿತು. ನಗರದ ಅಂಚಿನ ಹೊಲಗಳು ಎಷ್ಟೋ ಕಡೆ 1964ರ ಭೂಕಂದಾಯ ಅಧಿನಿಯಮದಂತೆ ಪರಿವರ್ತನೆ ಹೊಂದದೆಯೇ ನಿವೇಶನಗಳಾಗಿದ್ದುವು. ಇಂತಹವನ್ನು ಬೇರೆ ವಹಿಯಲ್ಲಿ ಬರೆದು ತೆರಿಗೆ ಪಡೆದರು. ಜನರು ಅದನ್ನೇ ‘ಬಿ ಖಾತೆ’ ಎಂದರು. 2008ರ ಪದ್ಧತಿಯಲ್ಲಿ ಕಟ್ಟಡದ ವಿಸ್ತಾರ, ಸ್ಥಳ, ಉಪಯೋಗಗಳನ್ನು ನೋಡಿ ಮನೆಯವನೇ ತೆರಿಗೆಯನ್ನು ಲೆಕ್ಕಹಾಕಬೇಕಾಯಿತು. 2024ರಲ್ಲಿ ಖಾತೆಯು ಗಣಕಯಂತ್ರಕ್ಕೆ ಏರಿ ‘ಇ-ಖಾತೆ’ಯಾಯಿತು. 2025ರಲ್ಲಿ ಒಂದು ಪಾಲಿಕೆಯ ಸ್ಥಾನದಲ್ಲಿ ಐದಾದುವು. ಇಷ್ಟಾದರೂ ಖಾತೆಯ ಸ್ವರೂಪವು ಬದಲಾಗಲಿಲ್ಲ.

ಆದುದರಿಂದ ಮನೆ ಕೊಳ್ಳುವವರು ಖಾತೆಯೊಂದನ್ನೇ ನಂಬದೆ ನೋಂದಾಯಿತ ಕ್ರಯಪತ್ರ, ಅದರ ಹಿಂದಿನ ಪತ್ರಪರಂಪರೆ, ಋಣಭಾರಪತ್ರ, ಪರಿವರ್ತನೆಯ ಆಜ್ಞೆ ಇವುಗಳನ್ನೂ ಪರಿಶೀಲಿಸತಕ್ಕದ್ದು. ಶಬ್ದಾರ್ಥವನ್ನು ಬೋಧಿಸುವ ಉಪಾಧ್ಯಾಯರು ‘ಖಾತೆ’ಯ ಅರ್ಥವನ್ನೂ ಸರಿಯಾಗಿ ತಿಳಿಸಿಕೊಟ್ಟರೆ ಅನೇಕ ಸಂಸಾರಗಳಿಗೆ ಉಪಕಾರವಾದೀತು.